ಭಾನುವಾರಕ್ಕೊಂದು ಜಾಗ ಇರಲಿ

ಪುಟ್ಟೀ, ಮುಂದಿನ ತಿಂಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ತಂತಿಯ ಮೇಲೆ ಗಾಜು ಜಾರಿಸಿ ನುಡಿಸುವ ಸ್ಲೈಡ್ ಗಿಟಾರನ್ನೇ ನಂಬಿ ಬದುಕುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೀಯಂತೆ. ನಿಮ್ಮಮ್ಮ ನನ್ನ ಹತ್ತಿರ ಬಂದು, 'ಅಣ್ಣಾ, ಈ ಹುಚ್ಚು ಹಿಡಿಸಿದವನು ನೀನು, ಬಿಡಿಸಬೇಕಾದವನೂ ನೀನೇ' ಅಂದಳು. ಬಿಡಿಸುವುದು ನನ್ನಿಂದ ಆಗದ ಕೆಲಸ. ನಿನ್ನ ಕೈಯಲ್ಲಿ ಏನಿದೆ ಅಂತ ನಾನು ಕೇಳಿದ್ದೇನೆ. ಆದರೆ ಈ ವಾದ್ಯ ಹಿಡಿದು ಬಾಳಿದವರು ಹೊಟ್ಟೆಗೆ ಏನು ಮಾಡಿಕೊಂಡರು, ಎಲ್ಲಿ ಕೂತು ನುಡಿಸಿದರು, ಯಾವ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು ಅನ್ನುವುದನ್ನು ತಿಳಿಯದೆ ಆ ಕಾಗದಕ್ಕೆ ಸಹಿ ಹಾಕಬೇಡ. ಅಷ್ಟು ಹೇಳುವ ಹಕ್ಕು ಸೋದರಮಾವನಿಗೆ ಇದೆ ಅಂದುಕೊಂಡಿದ್ದೇನೆ.

ನಿನಗೆ ಶಿಕಾಗೋ ಬ್ಲೂಸ್‌ನ ಹೌಂಡ್ ಡಾಗ್ ಟೇಲರ್‌ನ ಗಿಟಾರ್ ಗೊತ್ತು, ಅವನ ದಿನಚರಿ ಗೊತ್ತಿಲ್ಲ. ಮಿಸಿಸಿಪ್ಪಿಯ ನ್ಯಾಚೆಸ್ ಊರಿನಲ್ಲಿ 1915ರಲ್ಲಿ ಹುಟ್ಟಿದವನು. ಮನೆಯವರು ಇಟ್ಟ ಹೆಸರು ಥಿಯೋಡೋರ್ ರೂಸ್‌ವೆಲ್ಟ್ ಟೇಲರ್. 1942ರಲ್ಲಿ ಶಿಕಾಗೋಗೆ ಹೋದ. ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಲಕ್ಷಗಟ್ಟಲೆ ಕಪ್ಪು ಜನ ಉತ್ತರದ ಕಾರ್ಖಾನೆಗಳ ಕಡೆಗೆ ರೈಲು ಹತ್ತಿದ ಕಾಲ ಅದು. ಅಲ್ಲಿ ಸುಮಾರು 15 ವರ್ಷ ಕೂಲಿ ಕೆಲಸ, ಕಾರ್ಖಾನೆ ಕೆಲಸ. ಗಿಟಾರ್ ಏನಿದ್ದರೂ ರಾತ್ರಿ, ಇಲ್ಲವೇ ರಜೆಯ ದಿನ. ಸಂಗೀತವೊಂದನ್ನೇ ಹಿಡಿದದ್ದು 1957ರ ಸುಮಾರಿಗೆ, 40 ದಾಟಿದ ಮೇಲೆ. ಆಮೇಲಾದರೂ ಹೆಸರು ಬಂತೇ? ಒಂದೆರಡು ಸಣ್ಣ ರೆಕಾರ್ಡು ಬಂದವು, ಹೋದವು. ಅವನಿಗೆ ಸಿಕ್ಕಿದ್ದು ಶಿಕಾಗೋದ ದಕ್ಷಿಣ ಭಾಗದ ಬಡ ಬಾರುಗಳು. ಅದರಲ್ಲಿ ಒಂದು ಫ್ಲಾರೆನ್ಸಸ್ ಲೌಂಜ್. ಅಲ್ಲಿ ಭಾನುವಾರ ಮಧ್ಯಾಹ್ನ ಇವನ ಆಟ. ಗಿಟಾರಿಗೆ ಬ್ರೂವರ್ ಫಿಲಿಪ್ಸ್, ಡ್ರಮ್ಮಿಗೆ ಟೆಡ್ ಹಾರ್ವಿ. ಬೇಸ್ ಗಿಟಾರ್ ನುಡಿಸುವವನೇ ಇರಲಿಲ್ಲ. ಜಪಾನಿನಲ್ಲಿ ತಯಾರಾದ ಅಗ್ಗದ ಗಿಟಾರ್, ಸಿಯರ್ಸ್ ಅಂಗಡಿಯಲ್ಲಿ ಸಿಗುವ ಆಂಪ್ಲಿಫೈಯರ್. ನೀನು ಕಂತಿನಲ್ಲಿ ತೆಗೆದುಕೊಳ್ಳಬೇಕು ಅಂತಿರುವ ಗಿಟಾರಿನ ಬೆಲೆ ಕೇಳಿದರೆ ಆ ಮನುಷ್ಯ ನಂಬುತ್ತಲೇ ಇರಲಿಲ್ಲ.

ಆ ಬಾರಿಗೆ ಬ್ರೂಸ್ ಇಗ್ಲಾವರ್ ಅನ್ನುವ ಹುಡುಗ ಬರುತ್ತಿದ್ದ. ಡೆಲ್‌ಮಾರ್ಕ್ ಅನ್ನುವ ರೆಕಾರ್ಡ್ ಕಂಪನಿಯಲ್ಲಿ ಪಾರ್ಸೆಲ್ ಕಟ್ಟುವ ಗುಮಾಸ್ತ, ವಯಸ್ಸು 23. ಈ ಮೂವರ ರೆಕಾರ್ಡ್ ಮಾಡಿ ಅಂತ ಯಜಮಾನನಿಗೆ ದುಂಬಾಲು ಬಿದ್ದ, ಆತ ಒಪ್ಪಲಿಲ್ಲ. ಪಿತ್ರಾರ್ಜಿತವಾಗಿ ಬಂದಿದ್ದ 2,500 ಡಾಲರ್ ಹಾಕಿ 1971ರಲ್ಲಿ ತಾನೇ ರೆಕಾರ್ಡ್ ಮಾಡಿದ, 1,000 ಪ್ರತಿ ತೆಗೆಸಿ, ಕಾರಿನಲ್ಲಿ ತುಂಬಿಕೊಂಡು ರೇಡಿಯೋ ಸ್ಟೇಷನ್ನುಗಳಿಗೆ ಅಲೆದ. ಅಲಿಗೇಟರ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ. ಇವತ್ತು ಬ್ಲೂಸ್ ಲೋಕದ ದೊಡ್ಡ ಕಂಪನಿಗಳಲ್ಲಿ ಅದೂ ಒಂದು. ಟೇಲರ್‌ಗೆ ಆಗ 56. ಕಾಲೇಜುಗಳಲ್ಲಿ ನುಡಿಸಿದ, ಆಸ್ಟ್ರೇಲಿಯಾ ನ್ಯೂಜಿಲೆಂಡ್ ಸುತ್ತಿ ಬಂದ, 1974ರಲ್ಲಿ ಎರಡನೆಯ ಎಲ್‌ಪಿ ಬಂತು. 1975ರ ಡಿಸೆಂಬರ್ 17ಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಹೆಸರು ಅಂತ ಕಂಡದ್ದು ನಾಲ್ಕೇ ವರ್ಷ.

ಆ ನಾಲ್ಕು ವರ್ಷವನ್ನು ನೋಡಿ ಮರುಗುವವರಿದ್ದಾರೆ. ನನಗೆ ಅದಕ್ಕೆ ಮುಂಚಿನ ಭಾನುವಾರಗಳೇ ದೊಡ್ಡವು ಅನಿಸುತ್ತದೆ. ಅದೇ ಜಾಗ, ಅದೇ ಹೊತ್ತು, ಅದೇ ಬೀದಿಯ ಜನ. ಅವರು ವಾರವೆಲ್ಲ ಮೈ ಮುರಿದು ದುಡಿದು ಬಂದವರು. ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೇಳುವವರು, ಚೆನ್ನಾಗಿದ್ದರೆ ಎದ್ದು ಕುಣಿಯುವವರು. ಮೂರು ಜನ ಬೇಸ್ ಇಲ್ಲದೆ ಒಂದು ಕೋಣೆಯನ್ನು ಹೇಗೆ ತುಂಬಬೇಕು ಅಂತ ಅವರಿಗೆ ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಆ ಕೋಣೆ. ಇಗ್ಲಾವರ್ ಕೇಳಿದ್ದು ಆ ಭಾನುವಾರಗಳ ಫಲ. ಅಂಥದ್ದೊಂದು ಜಾಗ ಇಲ್ಲದೆ ಬರೀ ಪ್ರತಿಭೆ ಇದ್ದಿದ್ದರೆ ಅವನು ಬಂದು ಕೇಳಬೇಕಾದ್ದಾದರೂ ಎಲ್ಲಿ?

ಅದಕ್ಕೇ ನನ್ನ ಮೊದಲ ಮಾತು: ಕೆಲಸ ಬಿಡುವ ಮೊದಲು ವಾರಕ್ಕೊಂದು ಜಾಗ ಮಾಡಿಕೋ. ವೀಲರ್ ರೋಡಿನ ಕಡೆ ಎಷ್ಟು ಕೆಫೆ ಆಗಿವೆ, ಎಲ್ಲಾದರೂ ಕೇಳು. ಚರ್ಚ್ ಹಾಲ್ ಆದರೂ ಸರಿ, ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್ ಆದರೂ ಸರಿ. ಹತ್ತು ಜನ ಬಂದರೆ ಹತ್ತು, ಇಬ್ಬರು ಬಂದರೆ ಇಬ್ಬರು. ಒಂದು ವರ್ಷ ತಪ್ಪದೆ ನುಡಿಸು. ದೊಡ್ಡ ಸ್ಟೇಜು ಸಿಕ್ಕಾಗ ಹೋಗು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ 20 ನಿಮಿಷ ಸಿಗುತ್ತದೆ, ಬಂದವರು ಯಾರೋ, ಹೋದವರು ಯಾರೋ. ಫೋನಿನಲ್ಲಿ ಹಾಕುವ ವಿಡಿಯೋ ಕೂಡ ಅಷ್ಟೇ, ಚೆನ್ನಾಗಿ ಬಂದ ಒಂದೇ ಒಂದು ನಿಮಿಷವನ್ನು ಆರಿಸಿ ಹಾಕುತ್ತೀಯ. ಮೂರನೆಯ ಹಾಡಿಗೆ ಜನ ಮಾತಿಗಿಳಿದರೆ ನಾಲ್ಕನೆಯದು ಯಾವುದು ತೆಗೆಯಬೇಕು ಅನ್ನುವುದನ್ನು ಅದು ಕಲಿಸುವುದಿಲ್ಲ.

ಬೆಂಗಳೂರಿನ ನಮ್ಮ ಕಡೆ ಜಾಗಕ್ಕೆ ಬರ ಇಲ್ಲ. ಕುಕ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆಯ ಮನೆಗಳಲ್ಲಿ ಗಿಟಾರ್ ಹೊಸದಾಗಿ ಬಂದ ವಸ್ತುವಲ್ಲ. ಪಲ್ಟನ್ನಿನ ಬ್ಯಾಂಡು, ಚರ್ಚಿನ ಕಾಯಿರು, ಆಂಗ್ಲೋ ಇಂಡಿಯನ್ ಮದುವೆಯ ಡಾನ್ಸು, ಇವೆಲ್ಲ ಕಂಟೋನ್ಮೆಂಟಿನ ಕಿವಿಯನ್ನು ಹದ ಮಾಡಿವೆ. ಪೀಟರ್ ಐಸಾಕ್ ಅವರ ಕ್ರಾನಿಕ್ ಬ್ಲೂಸ್ ಸರ್ಕಸ್ ತಂಡ ಇದೇ ಊರಿನಲ್ಲಿ ಬ್ಲೂಸ್ ಅನ್ನೇ ನೆಚ್ಚಿಕೊಂಡು ನುಡಿಸಿದ್ದು. ಈಶಾನ್ಯದ ಶಿಲ್ಲಾಂಗಿನಲ್ಲಿ 2003ರಲ್ಲಿ ಕಟ್ಟಿದ ಸೋಲ್‌ಮೇಟ್ ತಂಡ 2007ಕ್ಕೆ ಮೆಂಫಿಸ್‌ನ ಬ್ಲೂಸ್ ಸ್ಪರ್ಧೆಯ ತನಕ ಹೋಯಿತು. ಮೊದಲು ತಮ್ಮ ಊರಿನವರ ಮುಂದೆ ನುಡಿಸಿದವರೇ ಇವರೆಲ್ಲ. ಇನ್ನು 2003ರ ಏಪ್ರಿಲ್ ತಿಂಗಳಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬಂದು ಸಾವಿರಾರು ಜನರನ್ನು ಕುಣಿಸಿದ ರೋಲಿಂಗ್ ಸ್ಟೋನ್ಸ್ ಇದ್ದಾರಲ್ಲ, ಅವರು ತಮ್ಮ ಹೆಸರನ್ನೇ ಮಡ್ಡಿ ವಾಟರ್ಸ್‌ನ 1950ರ ಹಾಡೊಂದರಿಂದ ಎತ್ತಿಕೊಂಡವರು.

ಆ ಮಡ್ಡಿ ವಾಟರ್ಸ್ ಏನು ಕೆಲಸ ಮಾಡುತ್ತಿದ್ದ ಗೊತ್ತೇ? ಮಿಸಿಸಿಪ್ಪಿಯ ಸ್ಟೋವಾಲ್ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಅಮೆರಿಕದ ಸರ್ಕಾರಿ ಗ್ರಂಥಾಲಯದ ಪರವಾಗಿ ಬಂದು ಅವನ ಹಾಡು ಮುದ್ರಿಸಿಕೊಂಡ. ಆಮೇಲೂ ಟ್ರ್ಯಾಕ್ಟರೇ. ಗಂಟೆಗೆ 22.5 ಸೆಂಟು ಕೂಲಿ, 25 ಮಾಡಿ ಅಂತ ಕೇಳಿದ, ಮೇಸ್ತ್ರಿ ಆಗಲ್ಲ ಅಂದ, 1943ರಲ್ಲಿ ಶಿಕಾಗೋ ರೈಲು ಹತ್ತಿದ. ಅಲ್ಲಿಯೂ ಮೊದಲು ಕಾಗದದ ಕಾರ್ಖಾನೆ, ಆಮೇಲೆ ಕಿಟಕಿಯ ಪರದೆ ಸಾಗಿಸುವ ಲಾರಿ. ಬಾರಿನ ಗದ್ದಲದಲ್ಲಿ ಮರದ ಗಿಟಾರು ಯಾರ ಕಿವಿಗೂ ಬೀಳದು ಅಂತ ಕಂಡುಕೊಂಡು ಕರೆಂಟಿನ ಗಿಟಾರ್ ಹಿಡಿದ. ಎಲೆಕ್ಟ್ರಿಕ್ ಬ್ಲೂಸ್ ಹುಟ್ಟಿದ್ದು ಇಂಥ ಅಗತ್ಯದಿಂದ. ದುಡಿದು ಬಂದವರ ಮಾತಿನ ಮೇಲೆ ತನ್ನ ಮಾತು ಕೇಳಿಸಬೇಕಿತ್ತು.

ಎಲ್ಮೋರ್ ಜೇಮ್ಸ್ ವಿಷಯ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅವನು ನನ್ನ ಕಸುಬಿನವನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದು ಗ್ವಾಮ್ ದ್ವೀಪದ ಕಾಳಗ ಕಂಡು ಬಂದವನು, ಊರಿಗೆ ಮರಳಿ ಮಿಸಿಸಿಪ್ಪಿಯ ಕ್ಯಾಂಟನ್‌ನಲ್ಲಿ ಸೋದರನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತ. ಅಲ್ಲಿ ವಾಲ್ವು, ಸ್ಪೀಕರು, ಪಿಕಪ್ಪು ಬಿಚ್ಚಿ ಜೋಡಿಸುತ್ತಾ ಆಂಪ್ಲಿಫೈಯರಿನಿಂದ ಆ ಒರಟು ದನಿ ಹೊರಡಿಸುವ ಗುಟ್ಟು ಕಂಡುಕೊಂಡ. 1951ರಲ್ಲಿ ಅವನು 'ಡಸ್ಟ್ ಮೈ ಬ್ರೂಮ್' ಮುದ್ರಿಸಿದಾಗ ಕೇಳಿದವರು ಬೆಚ್ಚಿದ್ದು ಆ ದನಿಗೆ. ನಾನು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿಕೊಂಡೇ ಇಷ್ಟು ವರ್ಷ ಗಿಟಾರ್ ನುಡಿಸಿದವನು. ಬೆಸುಗೆ ಹಾಕುವ ಕೈ ಬೇರೆ, ನುಡಿಸುವ ಕೈ ಬೇರೆ ಅಂತ ನನಗೆ ಯಾವತ್ತೂ ಅನಿಸಲಿಲ್ಲ. ನೀನು ಆಫೀಸಿನಲ್ಲಿ ದನಿಯ ಸಾಫ್ಟ್‌ವೇರ್ ಬರೆಯುತ್ತೀಯ. ಅಲ್ಲಿ ಕಲಿತದ್ದು ಇಲ್ಲಿಗೆ ಬರದೆ ಎಲ್ಲಿ ಹೋಗುತ್ತದೆ?

ಕೆಲಸ ಅನ್ನುವುದು ಕಲೆಗೆ ಅಡ್ಡಿ ಅಂತ ನಿನ್ನ ವಯಸ್ಸಿನವರು ಹೇಳುವುದನ್ನು ಕೇಳುತ್ತೇನೆ. ಅಡ್ಡಿ ಆಗುವ ಕೆಲಸವೂ ಇದೆ, ನಿಜ. ರಾತ್ರಿ 11ರ ತನಕ ಮೀಟಿಂಗು ಇಟ್ಟುಕೊಂಡು ಕೈ ಕಾಲು ಸೋತು ಬೀಳುವುದಾದರೆ ಬೇರೆ ಕೆಲಸ ಹುಡುಕು, ಸಂಬಳ ಕಡಿಮೆಯಾದರೂ ಸಂಜೆ ಉಳಿಸುವ ಕೆಲಸ ಹುಡುಕು. ಪೂರ್ತಿ ಬಿಡಬೇಡ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು. ಕೂಡಿಟ್ಟ ದುಡ್ಡು ಕರಗುತ್ತಾ ಬಂದ ಹಾಗೆ ಮದುವೆ ಮನೆ, ಕಂಪನಿ ಪಾರ್ಟಿ ಅಂತ ಕರೆದಲ್ಲೆಲ್ಲ ಹೋಗಿ ಕೇಳಿದ್ದನ್ನೆಲ್ಲ ನುಡಿಸಬೇಕಾಗುತ್ತದೆ. ಒಂದು ವರ್ಷ ಹಾಗೆ ನುಡಿಸಿದರೆ ಸ್ಲೈಡನ್ನು ಚೀಲದಿಂದ ತೆಗೆಯುವ ಸಂದರ್ಭವೇ ಬರುವುದಿಲ್ಲ. ಬಾಡಿಗೆಯ ಚಿಂತೆ ಇಲ್ಲದವಳು ಮಾತ್ರ 'ಈ ಹಾಡು ನುಡಿಸಲ್ಲ' ಅನ್ನಬಲ್ಲಳು.

ಈಗ ವಾದ್ಯದ ಮಾತು. ನಿನ್ನ ಗಿಟಾರನ್ನು ಓಪನ್ ಡಿಗೆ ಸೇರಿಸಿದ್ದೀಯ. ಕೆಳಗಿನಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಅದು ಸ ಪ ಸ ಗ ಪ ಸ. ಗ ಅಂದರೆ ಅಂತರ ಗಾಂಧಾರ. ಬ್ಲೂಸ್‌ನ ಪ್ರಾಣ ಇರುವುದು ಆ ಗಾಂಧಾರಕ್ಕೂ ಅದರ ಕೆಳಗಿನ ಸಾಧಾರಣ ಗಾಂಧಾರಕ್ಕೂ ನಡುವೆ ಎಲ್ಲೋ. ಅದು ಯಾವ ಫ್ರೆಟ್ಟಿನಲ್ಲೂ ಇಲ್ಲ, ಅದಕ್ಕೇ ಸ್ಲೈಡು. ಫ್ರೆಟ್ ತಂತಿ ನಿನಗೆ ದಾರಿ ತೋರಿಸುತ್ತದೆ, ಶ್ರುತಿಯನ್ನು ತಂದು ಕೈಗೆ ಕೊಡುವುದಿಲ್ಲ. ಬೆರಳಲ್ಲಿ ನುಡಿಸುವಾಗ ಫ್ರೆಟ್ಟಿನ ಹಿಂದೆ ಒತ್ತುತ್ತೀಯ, ಸ್ಲೈಡು ಇರಬೇಕಾದ್ದು ಫ್ರೆಟ್ಟಿನ ನೇರ ಮೇಲೆ. ಒಂದು ಕೂದಲಷ್ಟು ಕೆಳಗೆ ನಿಂತರೂ ಅಪಶ್ರುತಿ. ಕಳೆದ ಸಲ ನಿನ್ನ 12ನೇ ಫ್ರೆಟ್ಟಿನ ಸ ಕೆಳಗೇ ನಿಂತಿತು. ನೀನು ಅದನ್ನು ಕಂಪನದಲ್ಲಿ ಮುಚ್ಚಿಬಿಟ್ಟೆ. ಮೊದಲು ಅಲುಗದೆ ನಿಲ್ಲಿಸು, ಕಂಪನ ಆಮೇಲೆ.

ಇದಕ್ಕೆ ನಮ್ಮಲ್ಲೇ ಮದ್ದಿದೆ. ಫೋನಿನ ತಂಬೂರಿಯನ್ನು ಡಿ ಶ್ರುತಿಗೆ ಇಟ್ಟುಕೋ. ಆಂಪ್ಲಿಫೈಯರ್ ಹಚ್ಚಬೇಡ. ಒಂದೇ ತಂತಿಯ ಮೇಲೆ ಸ ದಿಂದ ಪ, ಪ ದಿಂದ ಮೇಲಿನ ಸ. ಸ್ಲೈಡು ಜಾರುವಾಗ ಕಣ್ಣು ಮುಚ್ಚು. ತಂಬೂರಿಯೊಡನೆ ಸ್ವರ ಬೆರೆತ ಕೂಡಲೇ ಆ ತರತರ ನಡುಕ ನಿಲ್ಲುತ್ತದೆ, ಕಿವಿಗೆ ತಾನಾಗಿ ಗೊತ್ತಾಗುತ್ತದೆ. ದಿನಾ ಅರ್ಧ ಗಂಟೆ ಇದೇ ಆಗಲಿ. ಗೋಟುವಾದ್ಯದವರು ಫ್ರೆಟ್ಟೇ ಇಲ್ಲದ ವಾದ್ಯದ ಮೇಲೆ ಮರದ ತುಂಡು ಜಾರಿಸಿ ಗಮಕ ಹೊರಡಿಸುತ್ತಾರಲ್ಲ, ಅವರ ಸಾಧನೆಯೂ ಇದೇ ದಾರಿಯದು. ಸ್ಲೈಡ್ ಗಿಟಾರಿನ ವಿಶ್ವಮೋಹನ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ 1993ರಲ್ಲಿ ತಂದ ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿ ಬಂತು. ಆ ಇಬ್ಬರೂ ಮೊದಲ ಸಲ ಭೇಟಿಯಾಗಿ ಹೆಚ್ಚು ಹೊತ್ತು ಕಳೆಯುವ ಮೊದಲೇ ಜೊತೆಗೆ ನುಡಿಸಲು ಕೂತವರು. ಹಾಗೆ ಕೂರಲು ಬೇಕಾದ್ದು ಇಬ್ಬರಿಗೂ ಗಟ್ಟಿಯಾದ ಶ್ರುತಿ. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುವುದನ್ನು ಎದುರಿಗೆ ಕೂತು ಕೇಳು. ಬ್ಲೂಸ್ ನುಡಿಸುವವಳಿಗೆ ಅದರಿಂದ ಏನು ಅಂತ ಕೇಳಬೇಡ. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯಲ್ಲಿ ಎಷ್ಟು ನಿಧಾನಿಸಬಹುದು ಅಂತ ಅಲ್ಲಿ ಗೊತ್ತಾಗುತ್ತದೆ.

ಎಡಗೈಯ ಉಳಿದ ಬೆರಳುಗಳು ಸ್ಲೈಡಿನ ಹಿಂದೆ ತಂತಿಯನ್ನು ಮೆಲ್ಲಗೆ ಮುಟ್ಟಿಕೊಂಡಿರಲಿ, ಇಲ್ಲದಿದ್ದರೆ ಹಿಂದಿನ ತಂತಿಯೂ ಕೂಗುತ್ತದೆ. ಬಲಗೈಗೆ ಪಿಕ್ ಬೇಡ, ನುಡಿಸದ ತಂತಿಗಳನ್ನು ಬೆರಳೇ ತಡೆಯಲಿ. ಸ್ಲೈಡ್ ಚೆನ್ನಾಗಿ ನುಡಿಸುವುದರಲ್ಲಿ ಅರ್ಧ ಪಾಲು, ಬೇಡದ ದನಿಯನ್ನು ನಿಲ್ಲಿಸುವುದೇ.

ದುಬಾರಿ ಸ್ಲೈಡಿಗೆ ದುಡ್ಡು ಹಾಕಬೇಡ, ಒಂದನ್ನು ನೀನೇ ಮಾಡಿಕೋ. ಕುತ್ತಿಗೆ ನೇರವಾಗಿರುವ ದಪ್ಪ ಗಾಜಿನ ಬಾಟಲಿ ನೋಡು. ಕಿರುಬೆರಳು ಎರಡನೆಯ ಗೆಣ್ಣಿನ ತನಕ ಸಲೀಸಾಗಿ ಹೋಗಬೇಕು, ಅಲುಗಬಾರದು. ಎಲ್ಲಿ ಕತ್ತರಿಸಬೇಕೋ ಅಲ್ಲಿ ಗಾಜು ಕುಯ್ಯುವ ಕಟರಿನಿಂದ ಸುತ್ತ ಒಂದು ಗೀರು. ಸೀಮೆಎಣ್ಣೆಯಲ್ಲಿ ನೆನೆಸಿದ ದಪ್ಪ ನೂಲನ್ನು ಗೀರಿನ ಮೇಲೆ ಸುತ್ತಿ, ಬಾಟಲಿಯನ್ನು ಅಡ್ಡ ಹಿಡಿದು ತಿರುಗಿಸುತ್ತಾ ಉರಿಸು. ಉರಿ ಆರುವ ಹೊತ್ತಿಗೆ ತಣ್ಣೀರಿನ ಬಕೆಟ್ಟಿಗೆ ಅದ್ದಿದರೆ ಟಕ್ ಅಂತ ಬಿಡುತ್ತದೆ. ಅಂಚನ್ನು ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜು, ನಾಲಿಗೆ ಸವರಿದರೂ ನೋಯದಷ್ಟು. ಒಣಗಿದ್ದನ್ನು ಉಜ್ಜಬೇಡ, ಗಾಜಿನ ಪುಡಿ ಎದೆಗೆ ಹೋಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೇಬೇಡ. ಒಂದೆರಡು ಬಾಟಲಿ ವಕ್ರವಾಗಿ ಒಡೆಯುತ್ತವೆ, ಒಡೆಯಲಿ. ಅಮೆರಿಕದ ಸ್ಲೈಡ್ ವಾದಕ ಡ್ಯುಯೇನ್ ಆಲ್ಮನ್ ಬಳಸುತ್ತಿದ್ದದ್ದು ನೆಗಡಿ ಮಾತ್ರೆಯ ಖಾಲಿ ಶೀಸೆ.

ಅವನ ಹೆಸರು ಬಂತಲ್ಲ, ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಡ್ಯುಯೇನ್ ಆಲ್ಮನ್ 1971ರ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್‌ನಲ್ಲಿ ಮೋಟರ್ ಸೈಕಲ್ ಅಪಘಾತದಲ್ಲಿ ಸತ್ತ. 24 ವರ್ಷ. ಇಂದಿರಾನಗರದಲ್ಲಿ ರಾತ್ರಿ ಒಂದಕ್ಕೆ ಕಾರ್ಯಕ್ರಮ ಮುಗಿಸಿ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ನೀನು ಸ್ಕೂಟರಿನಲ್ಲಿ ಬರುವುದು ನನಗೆ ಗೊತ್ತು. ಬೇಡ. ಆಟೋಗೆ ಕೊಡುವ ದುಡ್ಡನ್ನು ನಿನ್ನ ಸಂಭಾವನೆಯಲ್ಲಿ ಮೊದಲೇ ಸೇರಿಸಿ ಕೇಳು. ಅರ್ಲ್ ಹೂಕರ್ ಅಂತ ಇದ್ದ, ನನ್ನ ಮಟ್ಟಿಗೆ ಇವರೆಲ್ಲರಿಗಿಂತ ನಯವಾದ ಕೈ ಅವನದು. ಗಿಟಾರಿನ ಮಾಮೂಲಿ ಶ್ರುತಿಯಲ್ಲೇ ಸ್ಲೈಡ್ ಹಾಕಿ ಮನುಷ್ಯ ಮಾತಾಡಿದ ಹಾಗೆ ನುಡಿಸುತ್ತಿದ್ದ. ಹರೆಯದಿಂದಲೇ ಕ್ಷಯ. ಆಸ್ಪತ್ರೆಯಿಂದ ಎದ್ದು ಬಂದು ನುಡಿಸುವುದು, ಮತ್ತೆ ಆಸ್ಪತ್ರೆ ಸೇರುವುದು. 1970ರಲ್ಲಿ ಹೋಗಿಬಿಟ್ಟ, 40ರ ಆಸುಪಾಸು. ಎಲ್ಮೋರ್ ಜೇಮ್ಸ್ ಹೃದಯಾಘಾತದಿಂದ ಹೋದಾಗ 45. ಹೊಗೆ ತುಂಬಿದ ಕೋಣೆ, ಹೊತ್ತಲ್ಲದ ಹೊತ್ತಿನ ಊಟ, ಬಾರಿನವರು ಸಂಭಾವನೆಯ ಬದಲು ಕೊಡುವ ಕುಡಿತ, ಇವು ಯಾವುವೂ ಬ್ಲೂಸಿನ ಭಾಗ ಅಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ನಿನಗಿದೆ.

ಇನ್ನೊಂದು, ಕರೆಂಟು. ನಿನ್ನ ಕೈ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ. ಆಂಪ್ಲಿಫೈಯರ್ ಒಂದು ಲೈನಿನಲ್ಲಿ, ಮೈಕು ಇನ್ನೊಂದರಲ್ಲಿ, ಎಲ್ಲೋ ಒಂದು ಕಡೆ ಅರ್ಥಿಂಗ್ ಇಲ್ಲ ಅಂದರೆ ನಡುವೆ ಸಿಕ್ಕಿಹಾಕಿಕೊಳ್ಳುವವಳು ನೀನು. 1972ರಲ್ಲಿ ಲೆಸ್ಲಿ ಹಾರ್ವಿ ಅನ್ನುವ ಗಿಟಾರ್ ವಾದಕ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜಿನ ಮೇಲೆಯೇ ಹೀಗೆ ಸತ್ತ. ಗಿಟಾರ್ ಚೀಲದಲ್ಲಿ ಟೆಸ್ಟರ್ ಇರಲಿ, ಮೂರು ಪಿನ್ನಿನ ಸಾಕೆಟ್ ಪರೀಕ್ಷಿಸುವ ಸಣ್ಣ ಪ್ಲಗ್ ಇರಲಿ. ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ ಅಂತ ಯಾರಾದರೂ ಅರ್ಥ್ ಪಿನ್ ಕಿತ್ತರೆ ಅವತ್ತು ನುಡಿಸದೆ ಬಾ.

ಏನು ನುಡಿಸಬೇಕು ಅಂತಲೂ ನೀನು ಕೇಳಿದ್ದೆ. ಶಿಕಾಗೋದ ಹಾಡುಗಳನ್ನು ಕಲಿ, ಎಲ್ಮೋರ್‌ನ 12ನೇ ಫ್ರೆಟ್ಟಿನ ಆ ಹೊಡೆತ ಬರದಿದ್ದರೆ ಮುಂದಿನದು ಬಾರದು. ಆದರೆ ನಿನ್ನ ಮುಂದೆ ಕೂರುವವರು ಕುಕ್ ಟೌನಿನವರು. ಕನ್ನಡ, ತಮಿಳು, ದಖನಿ, ಇಂಗ್ಲಿಷು ಒಂದೇ ಉಸಿರಲ್ಲಿ ಆಡುವವರು. ಮಡ್ಡಿ ವಾಟರ್ಸ್ ಹಾಡಿದ್ದು ಎದುರಿಗೆ ಕೂತವರ ಬದುಕನ್ನು, ಅವರ ಮಾತಿನಲ್ಲಿ. ಶಿಶುನಾಳ ಷರೀಫರ ಒಂದು ತತ್ವಪದವನ್ನು ಓಪನ್ ಡಿಯಲ್ಲಿ ಸುಮ್ಮನೆ ಹಾಡುತ್ತಾ ಹಿಂದೆ ಸ್ಲೈಡ್ ಹಿಡಿದು ನೋಡು. ಹಾಡಿನ ಸಾಲು ಮುಗಿದ ಕಡೆ ಗಿಟಾರ್ ಉತ್ತರ ಕೊಡಬೇಕು. ಬ್ಲೂಸ್‌ನ ಕ್ರಮವೂ ಅದೇ, ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ಕ್ರಮವೂ ಅದೇ. ಅದನ್ನು ಮೊದಲ ಭಾನುವಾರವೇ ನುಡಿಸು ಅನ್ನುವುದಿಲ್ಲ. ವರ್ಷ ತುಂಬುವುದರೊಳಗೆ ಒಂದಾದರೂ ನಿನ್ನದೇ ಅನ್ನುವ ಹಾಡು ಇರಲಿ.

ಆ ಹಾಡು ಬಂದ ದಿನ ಕಾಗದಪತ್ರದ ಕಡೆ ಕಣ್ಣಿರಲಿ. ಅರ್ಲ್ ಹೂಕರ್ ನುಡಿಸಿದ ಒಂದು ಟ್ಯೂನಿನ ಮೇಲೆ ಮಡ್ಡಿ ವಾಟರ್ಸ್‌ನ ದನಿ ಕೂರಿಸಿ ಕಂಪನಿಯವರು 1962ರಲ್ಲಿ ಬೇರೆ ಹೆಸರಿನಲ್ಲಿ ತಂದರು. ಹಾಡು ಊರೂರು ಸುತ್ತಿತು. ಮಡ್ಡಿ ವಾಟರ್ಸ್ ಮತ್ತು ಅವನಿಗೆ ಹಾಡು ಬರೆದುಕೊಟ್ಟ ವಿಲ್ಲಿ ಡಿಕ್ಸನ್ ತಮ್ಮ ಹಾಡುಗಳ ರಾಯಧನಕ್ಕಾಗಿ 1970ರ ದಶಕದಲ್ಲಿ ಕೋರ್ಟಿಗೆ ಹೋಗಬೇಕಾಯಿತು. ನಮ್ಮಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಧನದ ಪಾಲನ್ನು ಕಂಪನಿಗಳು ಬರೆಸಿಕೊಂಡುಬಿಡುವುದಕ್ಕೆ ತಡೆ ಬಂದಿದೆ. ಆದರೂ ನೋಡದೆ ಸಹಿ ಹಾಕುವವರು ಇದ್ದೇ ಇದ್ದಾರೆ. ರಾಯಧನ ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವದ ಅರ್ಜಿ ತುಂಬಿಡು. ನಿನ್ನ ತಂಡದಲ್ಲಿ ಯಾರು ಪದ ಬರೆದರು, ಯಾರು ಟ್ಯೂನ್ ಹಾಕಿದರು, ಯಾರಿಗೆ ಎಷ್ಟು ಪಾಲು ಅನ್ನುವುದನ್ನು ರೆಕಾರ್ಡಿಂಗಿನ ದಿನವೇ ಬರೆದು ಎಲ್ಲರ ಕೈಯಲ್ಲಿ ಸಹಿ ಹಾಕಿಸು. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅಂತ ಸಂಕೋಚ ಬೇಡ, ಸ್ನೇಹ ಉಳಿಯುವುದು ಅದರಿಂದಲೇ. ಅರ್ಜಿ ಗೊಂದಲ ಅನಿಸಿದರೆ ಶನಿವಾರ ಮನೆಗೆ ಬಾ, ನಿಮ್ಮತ್ತೆಯ ಕೈಯ ಊಟ ಮಾಡಿ ಒಟ್ಟಿಗೆ ಕೂತು ತುಂಬೋಣ. ಬರುವಾಗ ಆಂಪ್ಲಿಫೈಯರನ್ನೂ ತಾ. ಅದರ ಒಂದು ಬೆಸುಗೆ ಸಡಿಲಾಗಿದೆ ಅಂತ ಕಳೆದ ಸಲವೇ ನನ್ನ ಕಿವಿಗೆ ಬಿತ್ತು.